ಅಪ್ಪ-ಅಮ್ಮನ ಮದುವೆಗೆ ಐವತ್ತು ವರ್ಷ: ಹತ್ತೇ ಎಲೆಯ ಊಟ

ವಯಸ್ಸಾದವರಿಗೆ ಊಟ ಏರ್ಪಡಿಸುವಾಗ ಎಲ್ಲರೂ ಮೊದಲು ಅಡುಗೆ ಪಟ್ಟಿ ಬರೆಯಲು ಕೂರುತ್ತಾರೆ. ನಾವು ಅದನ್ನು ಕೊನೆಗೆ ಇಟ್ಟುಕೊಂಡೆವು. ಎಪ್ಪತ್ತೈದು ದಾಟಿದವರನ್ನು ಹಣ್ಣು ಮಾಡುವುದು ಗದ್ದಲ ಮತ್ತು ಕಾಯುವಿಕೆ. ಇವೆರಡನ್ನು ಹಿಡಿತಕ್ಕೆ ತಂದುಕೊಂಡರೆ ಅನ್ನ-ಸಾರೂ ಹಬ್ಬದೂಟವೇ.

ದಿನ ಗೊತ್ತು ಮಾಡುವ ಮುಂಚೆ ಪಂಚಾಂಗ ನೋಡಿ. ಏಕಾದಶಿ ಬಿದ್ದರೆ ಹಿರಿಯರು ಅನ್ನ ಮುಟ್ಟುವುದಿಲ್ಲ. ಶನಿವಾರ ಒಪ್ಪೊತ್ತು ಮಾಡುವವರು ರಾತ್ರಿ ಪಲಾರವೇ ಕೇಳುತ್ತಾರೆ. ಚಾತುರ್ಮಾಸ್ಯ ಆಚರಿಸುವ ಮನೆಯಾದರೆ ಮೊದಲ ತಿಂಗಳು ತರಕಾರಿ, ಎರಡನೆಯದರಲ್ಲಿ ಮೊಸರು, ಮೂರರಲ್ಲಿ ಹಾಲು, ನಾಲ್ಕರಲ್ಲಿ ಬೇಳೆಕಾಳು ಇಲ್ಲ. ಇದನ್ನು ಮರೆತರೆ ಹೋಳಿಗೆ ಎದುರಿಗಿಟ್ಟುಕೊಂಡು ಬಾಳೆಹಣ್ಣು ತಿನ್ನಬೇಕಾಗುತ್ತದೆ. ದಿನಾಂಕವೇ ಬೇಕೆಂದು ಹಟ ಬೇಡ, ನಾಲ್ಕು ದಿನ ಆಚೀಚೆ ಆದರೆ ಯಾರೂ ಕೇಳುವುದಿಲ್ಲ.

ಇಡೀ ದಿನವನ್ನು ಎರಡು ಹೋಳು ಮಾಡಿದ್ದೇ ನಮಗೆ ದೊಡ್ಡ ಅನುಕೂಲವಾಯಿತು. ನಮಸ್ಕಾರ, ಆರತಿ, ವಿಡಿಯೊ ಕರೆ ಎಲ್ಲ ಬೆಳಗ್ಗೆ ಹತ್ತೂವರೆಗೆ. ಆಗ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿ, ಅಲ್ಲಿನ ಮೊಮ್ಮಕ್ಕಳು ಇನ್ನೂ ಎಚ್ಚರ ಇರುತ್ತಾರೆ. ಸಂಜೆ ಏಳಕ್ಕೆ ಇಟ್ಟುಕೊಂಡರೆ ಆ ಕಡೆಯವರು ಕಣ್ಣುಜ್ಜಿಕೊಂಡು ಎದ್ದಿರುತ್ತಾರೆ, ಈ ಕಡೆ ಸಾರು ಆರಿ ತಣ್ಣಗಾಗಿರುತ್ತದೆ. ನಮಸ್ಕಾರ ಮಾಡಿಸಿಕೊಳ್ಳುವವರು ಕೂತೇ ಇರಲಿ, ಪ್ರತಿಯೊಬ್ಬರಿಗೂ ಎದ್ದು ನಿಂತರೆ ಮಂಡಿ ಕೈಕೊಡುತ್ತದೆ. ಸಂಜೆಗೆ ಊಟ ಬಿಟ್ಟು ಬೇರೇನೂ ಇಲ್ಲ. ಭಾಷಣ, ಮೈಕು, ಫೋಟೊದವರು ಯಾರೂ ಬೇಡ.

ಏಳು ಗಂಟೆಯೆಂದರೆ ಏಳಕ್ಕೆ ಎಲೆಯ ಮೇಲೆ ಊಟ ಇರಬೇಕು. ಹಟದ ಮಾತಲ್ಲ ಇದು. ಇನ್ಸುಲಿನ್ ತೆಗೆದುಕೊಂಡವರಿಗೆ, ಕೆಲವು ಸಕ್ಕರೆ ಮಾತ್ರೆ ನುಂಗಿದವರಿಗೆ ಊಟ ತಡವಾದರೆ ಸಕ್ಕರೆ ಕುಸಿದು ಬೆವರು, ಕೈನಡುಕ ಶುರುವಾಗುತ್ತದೆ. ಬರಬೇಕಾದವರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರೂ ಹಿರಿಯರಿಗೆ ಬಡಿಸಿಬಿಡಿ. ಉಳಿದವರು ಆಮೇಲೆ ಕೂರಲಿ.

ಇನ್ನು ಸದ್ದು. ಶ್ರವಣ ಯಂತ್ರ ಹಾಕಿಕೊಂಡವರಿಗೆ ಮಾತು ಮಾತ್ರ ದೊಡ್ಡದಾಗಿ ಕೇಳುವುದಿಲ್ಲ. ತಟ್ಟೆಯ ಠಣಠಣ, ಮಿಕ್ಸಿ, ಎಕ್ಸಾಸ್ಟ್ ಫ್ಯಾನು ಎಲ್ಲವೂ ಜೊತೆಗೇ ಕಿವಿಗೆ ಬಡಿಯುತ್ತವೆ. ಗ್ರಾನೈಟ್ ನೆಲ, ಬೋಳು ಗೋಡೆಯ ಹಾಲ್‌ನಲ್ಲಿ ಹತ್ತು ಜನ ಮಾತಾಡಿದರೆ ಸಂತೆಯೇ. ಕಿಟಕಿಗೆ ದಪ್ಪ ಪರದೆ ಎಳೆದು, ಮೇಜಿನ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಎಲೆ ಹಾಕಿದೆವು. ಬಡಿಸಲು ಮರದ ಸೌಟು. ಕುಕ್ಕರ್ ಆರೂಕಾಲಿಗೆ ಬಂದ್. ಕಿವಿ ಮಂದವಾದವರನ್ನು ಗೋಡೆಗೆ ಬೆನ್ನು ಮಾಡಿ ಮೇಜಿನ ತುದಿಯಲ್ಲಿ ಕೂರಿಸಿ, ಚೆನ್ನಾಗಿ ಕೇಳುವ ಕಿವಿ ಪಂಕ್ತಿಯ ಕಡೆಗಿರಲಿ. ಮಾತಾಡುವವರ ಮುಖಕ್ಕೆ ಬೆಳಕು ಬೀಳಬೇಕು. ಅರ್ಧ ಮಾತನ್ನು ಅವರು ತುಟಿ ನೋಡಿಯೇ ಹಿಡಿಯುತ್ತಾರೆ. ಹಾಗಾಗಿ ಮಂದ ದೀಪ, ಮೇಣದ ಬತ್ತಿಯ ಶೋಕಿ ಇಲ್ಲಿ ಕೆಲಸಕ್ಕೆ ಬಾರದು.

ಬಾಳೆ ಎಲೆಗೆ ಇನ್ನೊಂದು ಗುಣವಿದೆ. ಪೊರೆ ಬಂದ ಕಣ್ಣಿಗೆ ಬಿಳಿ ತಟ್ಟೆಯ ಮೇಲಿನ ಬಿಳಿ ಅನ್ನ ಸರಿಯಾಗಿ ಕಾಣುವುದಿಲ್ಲ, ಹಸಿರಿನ ಮೇಲೆ ಸ್ಪಷ್ಟ. ಆದರೆ ಸಾರು ಹರಿದು ಸೀರೆಗೆ ಬಂದರೆ ಅವರೇ ಮುಜುಗರಪಡುತ್ತಾರೆ. ಅದಕ್ಕೆ ಸ್ಟೀಲ್ ಬಟ್ಟಲು. ಕೈ ಇರುವ ಕುರ್ಚಿ, ಕೂರುವ ಎತ್ತರ 18 ಇಂಚು. ಸೋಫಾದಿಂದ ಏಳುವುದು ಕಷ್ಟ, ಪ್ಲಾಸ್ಟಿಕ್ ಕುರ್ಚಿ ಒರಗಿದರೆ ಜಾರುತ್ತದೆ. ಬಚ್ಚಲಿಗೆ ಹೋಗುವ ದಾರಿಯ ಕಾಲೊರಸು ಎತ್ತಿಟ್ಟು, ದೀಪ ಹಾಕಿಯೇ ಬಿಡಿ.

ಅಡುಗೆ: ಕೋಸಂಬರಿ, ಸೋರೆಕಾಯಿ ಪಲ್ಯ, ಬಿಸಿಬೇಳೆ ಬಾತ್, ತಿಳಿ ಸಾರು, ಮೊಸರನ್ನ, ಅಂಗೈಯಗಲದ ಹೋಳಿಗೆ. ಇಷ್ಟೇ. ಬೆಲ್ಲದ್ದು ಅಂದ ಮಾತ್ರಕ್ಕೆ ಹೋಳಿಗೆಗೆ ಸಕ್ಕರೆ ಕಾಯಿಲೆಯವರಲ್ಲಿ ರಿಯಾಯಿತಿ ಇಲ್ಲ. ಒಂದು ಹಾಕಿ ಸುಮ್ಮನಾಗಿ, ಬಲವಂತ ಮಾಡಬೇಡಿ.

ಬಿಸಿಬೇಳೆ ಬಾತ್‌ಗೆ ಹತ್ತು ಜನರಿಗೆ ಅಕ್ಕಿ 350 ಗ್ರಾಂ, ತೊಗರಿಬೇಳೆ 250 ಗ್ರಾಂ, ಸಣ್ಣಗೆ ಹೆಚ್ಚಿದ ತರಕಾರಿ ಅರ್ಧ ಕಿಲೊ, ನೀರು ಸುಮಾರು ಮೂರು ಲೀಟರ್. ಒಲೆಯಿಂದ ಇಳಿಸಿದ ಮೇಲೂ ಅಕ್ಕಿ, ಬೇಳೆ ನೀರು ಕುಡಿಯುತ್ತಲೇ ಇರುತ್ತವೆ. ಅರ್ಧ ಗಂಟೆಯಲ್ಲಿ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಒಂದು ಲೀಟರ್ ಕುದಿಯುವ ನೀರು ಪಕ್ಕದಲ್ಲಿ ಇಟ್ಟುಕೊಂಡು ಬಡಿಸುವ ಮುಂಚೆ ಹದ ಮಾಡಬೇಕು. ತಣ್ಣೀರು ಹಾಕಿದರೆ ನೀರೇ ಬೇರೆ, ಬಾತೇ ಬೇರೆ. ಉಪ್ಪು ಮುಕ್ಕಾಲು ಪಾಲು ಹಾಕಿ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೂ, ಕೆಲವು ಬಿಪಿ ಮಾತ್ರೆ ನುಂಗುವವರಿಗೂ ಅದು ಅಪಾಯ. ವೈದ್ಯರನ್ನು ಕೇಳದೆ ಬಳಸಬೇಡಿ.

ಹಲ್ಲಿನ ಸೆಟ್ ಹಾಕಿಕೊಂಡವರಿಗೆ ಹಪ್ಪಳಕ್ಕಿಂತ ದೊಡ್ಡ ಶತ್ರು ಒಗ್ಗರಣೆಯ ಸಾಸಿವೆ. ಒಂದು ಕಾಳು ಸೆಟ್ಟಿನ ಅಡಿ ಸೇರಿದರೆ ಅವರ ಊಟ ಅಲ್ಲಿಗೆ ಮುಗಿಯಿತು, ಬಾಯಿಬಿಟ್ಟು ಹೇಳುವುದೂ ಇಲ್ಲ. ಅವರ ಪಾಲಿನ ಕೋಸಂಬರಿಗೆ ಬರೀ ಇಂಗು, ಕರಿಬೇವಿನ ಒಗ್ಗರಣೆ. ಹೆಸರುಬೇಳೆ ಎರಡು ಗಂಟೆ ನೆನೆಯಲಿ, ಸೌತೆಕಾಯಿ ತುರಿದಿರಲಿ, ಉಪ್ಪು ಬಡಿಸುವಾಗ ಮಾತ್ರ. ಮೊದಲೇ ಹಾಕಿದರೆ ನೀರೊಡೆಯುತ್ತದೆ.

ನುಂಗಲು ತೊಂದರೆ ಇರುವವರಿಗೆ ಸಾರನ್ನ ಕಷ್ಟ: ಸಾರು ಮುಂದೆ ಓಡುತ್ತದೆ, ಅಗುಳು ಹಿಂದೆ ಉಳಿಯುತ್ತದೆ, ಕೆಮ್ಮು ಹತ್ತುತ್ತದೆ. ಅವರಿಗೆ ಕಿವುಚಿ ಗಟ್ಟಿ ಮಾಡಿಕೊಡಿ. ಎಂಥ ಗಟ್ಟಿ ಅವರಿಗೆ ಸರಿ ಎಂದು ವೈದ್ಯರು ಮೊದಲೇ ಹೇಳಿದ್ದರೆ ಹಾಗೆಯೇ ಮಾಡಿ.

ಮೊಸರನ್ನಕ್ಕೆ 300 ಗ್ರಾಂ ಅಕ್ಕಿಯನ್ನು ಮೆತ್ತಗೆ ಬೇಯಿಸಿ ಬಿಸಿಯಲ್ಲೇ ಕಿವುಚಿ, ಆರಿದ ಮೇಲೆ ಅರ್ಧ ಲೀಟರ್ ಕಾಯಿಸಿದ ಹಾಲು, ಒಂದೂವರೆ ಲೋಟ ಮೊಸರು. ಹಾಲು ಹೆಚ್ಚಿದ್ದರೆ ಬಡಿಸುವ ಹೊತ್ತಿಗೆ ಹುಳಿ ಏರುವುದಿಲ್ಲ.

ಕೈ ತೊಳೆಯಲು ಅವರನ್ನು ಎಬ್ಬಿಸದೆ ಬೋಗುಣಿ, ಬೆಚ್ಚಗಿನ ನೀರು ಕೂತಲ್ಲಿಗೇ ತನ್ನಿ. ಊಟವಾದ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂತಿರಲಿ, ಮಲಗಿದರೆ ಎದೆಯುರಿ. ಎಂಟೂವರೆಗೆ ಬಂದವರೆಲ್ಲ ಹೊರಟಿರಬೇಕು. ಇದನ್ನು ಕರೆಯುವಾಗಲೇ ಹೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಉಳಿದ ಬಾತನ್ನು ಅಗಲ ಪಾತ್ರೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.