ಟ್ರೈಲರ್ ಜೋಡಿಸುವಾಗ ಗಾಡಿಯೂ ಉಳಿಯಲಿ, ಡೀಸೆಲ್ಲೂ ಉಳಿಯಲಿ

ನಾನು ಟ್ರೈಲರ್ ರಿಪೇರಿ ಮಾಡುವ ಮೆಕ್ಯಾನಿಕ್. ನನ್ನ ಮುಂದೆ ಬಂದು ನಿಲ್ಲುವ ಎಷ್ಟೋ ಗಾಡಿಗಳು ಓಡಿ ಓಡಿ ಸವೆದು ಬಂದವಲ್ಲ, ಜೋಡಿಸುವಾಗ ಏಟು ತಿಂದು ಬಂದವು. ಬಗ್ಗಿದ ಲ್ಯಾಂಡಿಂಗ್ ಲೆಗ್ (ಲಾರಿ ಬಿಡಿಸಿದಾಗ ಟ್ರೈಲರ್‌ನ ಮುಂಭಾಗ ಹೊರುವ ಕಾಲು), ಗುದ್ದು ಬಿದ್ದ ತಟ್ಟೆ, ಕಿತ್ತುಬಂದ ಏರ್ ಪೈಪ್. ಇವೆಲ್ಲ ತಪ್ಪಿಸಬಹುದಾದ ಖರ್ಚು. ಹೊಸ ಚಾಲಕರಿಗೆ ನಾನು ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ಮಾತು ಎತ್ತರದ್ದು. ಲಾರಿಯನ್ನು ಟ್ರೈಲರ್‌ಗೆ ನೇರವಾಗಿ ಹಿಂದಕ್ಕೆ ತನ್ನಿ. ತಾಗುವ ಮುಂಚೆಯೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೆಳಗಿಳಿಯಿರಿ. ಕನ್ನಡಿಯಲ್ಲಿ ಎತ್ತರ ಗೊತ್ತಾಗುವುದಿಲ್ಲ. ಟ್ರೈಲರ್‌ನ ಅಡಿತಟ್ಟೆ ಫಿಫ್ತ್ ವೀಲ್‌ನ (ಲಾರಿಯ ಹಿಂಭಾಗದಲ್ಲಿ ಟ್ರೈಲರ್ ಕೂರುವ ತಟ್ಟೆ) ಮೇಲ್ಭಾಗಕ್ಕೆ ಸಮನಾಗಿರಬೇಕು, ಇಲ್ಲವೇ ಸ್ವಲ್ಪ ಕೆಳಗಿರಬೇಕು. 50 ಮಿಲಿಮೀಟರ್‌ಗಿಂತ ಜಾಸ್ತಿ ಕೆಳಗೆ ಬೇಡ. ಎತ್ತರ ಇಷ್ಟಿದ್ದರೆ ಫಿಫ್ತ್ ವೀಲ್‌ನ ಇಳಿಜಾರು ಟ್ರೈಲರ್‌ನ ಮೂತಿಯನ್ನು ಮೆಲ್ಲಗೆ ಎತ್ತಿಕೊಳ್ಳುತ್ತದೆ, ಟ್ರೈಲರ್ ಅಡಿಯಲ್ಲಿರುವ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟ ತಾನಾಗಿ ಫಿಫ್ತ್ ವೀಲ್‌ನ ಲಾಕ್ ಆಗುವ ದವಡೆಗೆ ಹೋಗುತ್ತದೆ.

ಟ್ರೈಲರ್ ಎತ್ತರದಲ್ಲಿದ್ದರೆ ಕಿಂಗ್‌ಪಿನ್ ಫಿಫ್ತ್ ವೀಲ್ ಮೇಲಿಂದಲೇ ದಾಟಿ ಮುಂದೆ ಬಂದುಬಿಡುತ್ತದೆ. ಟ್ರೈಲರ್‌ನ ಮೂತಿ ಕ್ಯಾಬಿನ್‌ಗೆ ಬಡಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ ಪಿನ್ನಿನ ತಳದ ಅಂಚು ಮಾತ್ರ ದವಡೆಗೆ ಸಿಕ್ಕಿಕೊಂಡು, ಲಾಕ್ ಆದಂತೆಯೇ ಕಾಣುವುದು. ಅಂಥ ಗಾಡಿ ರಸ್ತೆಯಲ್ಲಿ ಮೊದಲ ಗುಂಡಿಗೇ ಬಿಟ್ಟುಕೊಳ್ಳಬಹುದು. ಟ್ರೈಲರ್ ತುಂಬಾ ಕೆಳಗಿದ್ದರೆ ಬೇರೆ ತೊಂದರೆ: ಮಡ್‌ಗಾರ್ಡ್, ಚಾಸಿಯ ತುದಿ, ಟ್ರೈಲರ್‌ನ ಮುಂಭಾಗ ಮೂರೂ ಏಟು ತಿನ್ನುತ್ತವೆ, ಲೋಡ್ ಇದ್ದರೆ ಲ್ಯಾಂಡಿಂಗ್ ಲೆಗ್ ನೆಲದಲ್ಲಿ ಎಳೆದಾಡಿ ಬಾಗುತ್ತದೆ. ಎತ್ತರ ಸರಿ ಇಲ್ಲ ಅನ್ನಿಸಿದರೆ ಹ್ಯಾಂಡಲ್ ತಿರುಗಿಸಿ ಕಾಲುಗಳನ್ನು ಏರಿಸಿ ಅಥವಾ ಇಳಿಸಿ. ಬೇಜಾರು ಮಾಡ್ಕೋಬೇಡಿ.

ಏರ್ ಸಸ್ಪೆನ್ಷನ್ (ಗಾಳಿಚೀಲಗಳಿಂದ ಹಿಂಭಾಗ ಏರಿಸಿ ಇಳಿಸುವ ವ್ಯವಸ್ಥೆ) ಇರುವ ಲಾರಿಯಲ್ಲಿ ಇದು ಇನ್ನೂ ಸುಲಭ. ಹಿಂಭಾಗವನ್ನು ಇಳಿಸಿ ಟ್ರೈಲರ್ ಅಡಿಗೆ ಹೋಗಿ. ಪಿನ್ ಮುಟ್ಟುವ ಮುಂಚೆ ನಿಲ್ಲಿಸಿ, ಫಿಫ್ತ್ ವೀಲ್ ಟ್ರೈಲರ್ ತಟ್ಟೆಗೆ ತಾಗುವಷ್ಟು ಏರಿಸಿ. ಆಮೇಲೆ ಉಳಿದ ದೂರ ಹಿಂದೆ ಹೋಗಿ. ಉಕ್ಕಿಗೆ ಉಕ್ಕು ಬಡಿಯುವ ಸದ್ದೇ ಬರುವುದಿಲ್ಲ. ಹೇಗಿದ್ದರೂ ಅತಿ ಕಡಿಮೆ ಗೇರ್‌ನಲ್ಲಿ, ಆಕ್ಸಿಲರೇಟರ್ ಒತ್ತದೆ ಹೋಗಿ. ಟ್ರೈಲರ್‌ನ ಬ್ರೇಕ್ ಹಿಡಿದಿರಬೇಕು, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟಿರಬೇಕು. ದಢಾರನೆ ಗುದ್ದಿದರೆ ಪಿನ್ನೂ ದವಡೆಯೂ ಎರಡೂ ಸವೆಯುತ್ತವೆ. ಈ ಸವೆತ ಕಣ್ಣಿಗೆ ಕಾಣುವ ಹೊತ್ತಿಗೆ ಜೇಬಿಗೆ ಕತ್ತರಿ ಬಿದ್ದಾಗಿರುತ್ತದೆ.

ಲಾಕ್ ಬಿದ್ದ ಸದ್ದು ಕೇಳಿದ ಮೇಲೆ ಕಡಿಮೆ ಗೇರ್‌ನಲ್ಲಿ ಒಮ್ಮೆ ಮುಂದಕ್ಕೆ ಎಳೆದು ನೋಡಿ. ಅಲ್ಲಿಗೇ ನಿಲ್ಲಿಸಬೇಡಿ. ಎಳೆದಾಗ ಹಿಡಿಯಿತು ಎಂದ ಮಾತ್ರಕ್ಕೆ ಸರಿ ಕೂತಿದೆ ಎಂದಲ್ಲ. ಲಾರಿಯ ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಟಾರ್ಚ್ ಹಿಡಿದು ಬಗ್ಗಿ. ಮೂರು ಕಡೆ ಬೆಳಕು ಬಿಡಿ. ಒಂದು, ಫಿಫ್ತ್ ವೀಲ್ ಮತ್ತು ಟ್ರೈಲರ್ ತಟ್ಟೆಯ ನಡುವೆ: ಆ ಕಡೆಯ ಬೆಳಕು ಕಾಣಬಾರದು. ಎರಡು, ಹಿಂಬದಿಯಿಂದ ಒಳಗೆ: ದವಡೆ ಪಿನ್ನಿನ ಕುತ್ತಿಗೆಯನ್ನು ಸುತ್ತಿ ಹಿಡಿದಿರಬೇಕು, ತಳದ ದಪ್ಪ ಭಾಗವನ್ನಲ್ಲ. ಗ್ರೀಸ್ ಮೆತ್ತಿಕೊಂಡು ಕಾಣದಿದ್ದರೆ ಬಟ್ಟೆಯಲ್ಲಿ ಒರೆಸಿ ನೋಡಿ. ಮೂರು, ಲಾಕ್ ಹ್ಯಾಂಡಲ್ ಪೂರ್ತಿ ಒಳಗೆ ಹೋಗಿದೆಯೇ, ಅದರ ಸೇಫ್ಟಿ ಕ್ಲಿಪ್ ಬಿದ್ದಿದೆಯೇ. ನನ್ನ ಕೆಲಸದ ಅನುಭವದಲ್ಲಿ ಇದಕ್ಕಿಂತ ಬೆಲೆಬಾಳುವ ಅಭ್ಯಾಸ ಬೇರೆ ಇಲ್ಲ.

ಏರ್ ಪೈಪ್ ಹಾಕುವಾಗ ಒಂದು ಎಚ್ಚರಿಕೆ, ದಯವಿಟ್ಟು ಮನಸ್ಸಿಟ್ಟು ಓದಿ. ಕೆಂಪು ಪೈಪ್ ಕಳಚಿದಾಗ ಟ್ರೈಲರ್‌ನ ಬ್ರೇಕ್ ತಾನಾಗಿ ಹಿಡಿದಿರುತ್ತದೆ. ಅದನ್ನು ಮತ್ತೆ ಸಿಕ್ಕಿಸಿದ ಕೂಡಲೇ ಗಾಳಿ ಒಳಹೋಗಿ ಆ ಬ್ರೇಕ್ ಬಿಡುತ್ತದೆ. ಲಾರಿಯ ಹ್ಯಾಂಡ್‌ಬ್ರೇಕ್ ಹಾಕಿರದಿದ್ದರೆ, ಟ್ರೈಲರ್‌ನ ಪಾರ್ಕಿಂಗ್ ಬ್ರೇಕನ್ನೂ ಎಳೆದಿರದಿದ್ದರೆ, ಇಡೀ ಗಾಡಿ ಉರುಳಲು ಶುರುವಾಗುತ್ತದೆ. ನೀವು ಆಗ ಕ್ಯಾಬಿನ್ ಮತ್ತು ಟ್ರೈಲರ್ ಮಧ್ಯೆ ನಿಂತಿರುತ್ತೀರಿ. ಓಡಿಹೋಗಿ ಹತ್ತಿ ನಿಲ್ಲಿಸಲು ಹೋದ ಚಾಲಕರು ಪ್ರಾಣ ಕಳೆದುಕೊಂಡಿದ್ದಾರೆ. ಎರಡೂ ಬ್ರೇಕ್ ಹಾಕಿದ್ದು ಖಚಿತವಾದ ಮೇಲೆಯೇ ಕೈಗೆ ಪೈಪ್ ತೆಗೆದುಕೊಳ್ಳಿ.

ಪೈಪ್ ಹಾಕಿದ ಮೇಲೆ ಕಿವಿಗೊಟ್ಟು ಕೇಳಿ. ಸುಯ್ ಎನ್ನುವ ಸದ್ದು ಬಂದರೆ ರಬ್ಬರ್ ಸೀಲ್ ಬದಲಾಯಿಸಿ. ಗಾಳಿ ಸೋರಿದಷ್ಟೂ ಕಂಪ್ರೆಸರ್ ದುಡಿಯಬೇಕು, ಅದು ದುಡಿಯುವುದು ನಿಮ್ಮ ಡೀಸೆಲ್ಲಿನಲ್ಲೇ ಅಲ್ವಾ? ಲೈಟು, ಎಬಿಎಸ್ ವೈರುಗಳನ್ನೂ ಹಾಕಿ. ಕಾಲುಗಳನ್ನು ಪೂರ್ತಿ ಮೇಲೆತ್ತಿ ಹ್ಯಾಂಡಲ್ ಮಡಚಿಡಿ.

ಈಗ ಡೀಸೆಲ್ ಮಾತು. ಹೆದ್ದಾರಿಯ ವೇಗದಲ್ಲಿ ಎಂಜಿನ್‌ನ ಶಕ್ತಿಯಲ್ಲಿ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಕ್ಯಾಬಿನ್‌ನ ಹಿಂದಿನ ಖಾಲಿ ಜಾಗದಲ್ಲಿ ಗಾಳಿ ಸುಳಿ ಸುತ್ತುತ್ತದೆ. ಆ ಜಾಗ ಸುಮಾರು 75 ಸೆಂಟಿಮೀಟರ್ ದಾಟಿದ ಮೇಲೆ, ಪ್ರತಿ 25 ಸೆಂಟಿಮೀಟರ್‌ಗೆ ಗಾಳಿಯ ತಡೆ ಸುಮಾರು 2% ಏರುತ್ತದೆ ಎಂಬುದು ಈ ವೃತ್ತಿಯಲ್ಲಿ ಬಳಸುವ ಲೆಕ್ಕ. ಅದರ ಅರ್ಧದಷ್ಟು, ಅಂದರೆ ಹೆಚ್ಚುಕಡಿಮೆ 1%, ಡೀಸೆಲ್ ಜಾಸ್ತಿ ಸುಡುತ್ತದೆ. ನಿಮ್ಮ ಫಿಫ್ತ್ ವೀಲ್ ಸರಿಸುವಂಥದ್ದಾದರೆ ಮುಂದಕ್ಕೆ ತಂದು ಜಾಗ ಕಡಿಮೆ ಮಾಡಿ. ಆದರೆ ಸುಮ್ನೆ ಸರಿಸಬೇಡಿ. ಮುಂದಕ್ಕೆ ಬಂದಷ್ಟೂ ಮುಂದಿನ ಆಕ್ಸಲ್ ಮೇಲೆ ಭಾರ ಜಾಸ್ತಿ ಬೀಳುತ್ತದೆ, ವೇ ಬ್ರಿಡ್ಜ್‌ನಲ್ಲಿ (ಗಾಡಿ ತೂಗುವ ಕಾಟಾ) ನೋಡಿಕೊಳ್ಳಿ. ತಿರುಗುವಾಗ ಟ್ರೈಲರ್‌ನ ಮುಂದಿನ ಮೂಲೆಗಳು ಕ್ಯಾಬಿನ್‌ಗೆ ತಾಗಬಾರದು. ಖಾಲಿ ಅಂಗಳದಲ್ಲಿ ನಿಧಾನವಾಗಿ ಎರಡೂ ಕಡೆ ತಿರುಗಿಸಿ, ಒಬ್ಬರನ್ನು ಕೆಳಗೆ ನಿಲ್ಲಿಸಿ ನೋಡಿಸಿ.

ಕ್ಯಾಬಿನ್ ಮೇಲಿನ ಡಿಫ್ಲೆಕ್ಟರ್‌ನ (ಗಾಳಿಯನ್ನು ಮೇಲಕ್ಕೆ ತಿರುಗಿಸುವ ಹಲಗೆ) ಎತ್ತರವೂ ಟ್ರೈಲರ್ ಬದಲಾದಾಗಲೆಲ್ಲ ಬದಲಾಗಬೇಕು. ಎತ್ತರದ ಪೆಟ್ಟಿಗೆ ಟ್ರೈಲರ್‌ಗೆ ಏರಿಸಿ, ಖಾಲಿ ಫ್ಲಾಟ್‌ಬೆಡ್‌ಗೆ ಇಳಿಸಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಟ್ರೈಲರ್‌ನ ಹಬ್‌ಗಳ (ಚಕ್ರದ ನಡುಭಾಗ) ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ.

ಗ್ರೀಸ್ ಇಲ್ಲದ ಫಿಫ್ತ್ ವೀಲ್ ಸ್ಟೀರಿಂಗನ್ನು ಗಟ್ಟಿ ಮಾಡುತ್ತದೆ. ಹಳೆಯ ಮಣ್ಣು ಸೇರಿದ ಗ್ರೀಸನ್ನು ಕೆರೆದು ತೆಗೆದು ಹೊಸದು ಹಚ್ಚಿ. ಪ್ಲಾಸ್ಟಿಕ್ ಪದರ ಇರುವ ತಟ್ಟೆಯಾದರೆ ಮೇಲ್ಭಾಗಕ್ಕೆ ಬೇಡ, ತಯಾರಕರು ಹೇಳಿದ ಜಾಗಕ್ಕೆ ಮಾತ್ರ. ಬ್ರೇಕ್ ಹಾಕಿದಾಗ, ಹೊರಡುವಾಗ ಟಕ್ ಎಂದು ಒದ್ದಂತಾದರೆ ಪಿನ್ ಅಳೆಸಿ. 2 ಇಂಚಿನ ಪಿನ್ನಿನ ಕುತ್ತಿಗೆ ಹೊಸದಿದ್ದಾಗ 50.8 ಮಿಲಿಮೀಟರ್. 49ಕ್ಕೆ ಇಳಿದಿದ್ದರೆ ಬದಲಾಯಿಸಲೇಬೇಕು.

ಬಿಡಿಸುವಾಗ ಅವಸರ ಬೇಡ. ಬ್ರೇಕ್ ಹಾಕಿ, ಕಾಲು ಇಳಿಸಿ, ಪೈಪು ವೈರು ಎಲ್ಲ ಕಳಚಿ, ಆಮೇಲೆ ಲಾಕ್ ಎಳೆಯಿರಿ. ಹ್ಯಾಂಡಲ್ ಬರುತ್ತಿಲ್ಲವೆಂದು ಸುತ್ತಿಗೆಯಲ್ಲಿ ಹೊಡೆಯಬೇಡಿ. ಲಾರಿಯನ್ನು ಚೂರು ಹಿಂದಕ್ಕೆ ಒತ್ತಿ ಬ್ರೇಕ್ ಹಾಕಿದರೆ ದವಡೆಯ ಮೇಲಿನ ಬಿಗಿ ಇಳಿದು ಸಲೀಸಾಗಿ ಬರುತ್ತದೆ. ಮುಂದೆ ಬರುವಾಗ ಚಾಸಿ ಇನ್ನೂ ಟ್ರೈಲರ್ ಅಡಿಯಲ್ಲಿರುವಾಗಲೇ ಒಮ್ಮೆ ನಿಲ್ಲಿಸಿ, ಕಾಲುಗಳು ಭಾರ ಹೊತ್ತಿವೆಯೇ ನೋಡಿ. ಮೆದು ಮಣ್ಣಿನಲ್ಲಾಗಲಿ, ಬಿಸಿಲಿಗೆ ಕರಗುವ ಡಾಂಬರಿನ ಮೇಲಾಗಲಿ ನಿಲ್ಲಿಸುವುದಾದರೆ ಎರಡೂ ಕಾಲುಗಳ ಕೆಳಗೆ ದಪ್ಪ ಹಲಗೆ ಮೊದಲೇ ಹಾಕಿರಿ.