ಬಾಲ್ಡರ್ಸ್ ಗೇಟ್ 2: ದುಷ್ಟರ ಮಾಡ್ ಹಾಕಿದರೂ ಕ್ವೆಸ್ಟ್ ಕೊಡುವವನು ಕಾಣದಿದ್ದರೆ

ಈ ಕಂಪ್ಯೂಟರ್ ಆಟದ ಎನ್‌ಹ್ಯಾನ್ಸ್‌ಡ್ ಎಡಿಷನ್‌ನಲ್ಲಿ (ಸುಧಾರಿತ ಆವೃತ್ತಿ) ದುಷ್ಟ ತಂಡಕ್ಕೆಂದೇ ಬರೆದ ಕರಾಳ ಹಾಸ್ಯದ ಮಾಡ್ (ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಹಾಕಿದ್ದೆ. ಮಾಡ್ ಸ್ಥಾಪಿಸುವ ವೈಡು ತಂತ್ರಾಂಶ ದೋಷವಿಲ್ಲದೆ ಮುಗಿಯಿತು, ವೈಡು ಲಾಗ್‌ನಲ್ಲಿ ಮಾಡ್‌ನ ಹೆಸರೂ ಇತ್ತು. ಆದರೆ ನಮಗೆ ಕ್ವೆಸ್ಟ್, ಅಂದರೆ ಕೆಲಸ, ಒಪ್ಪಿಸಬೇಕಾದ ಪಾತ್ರ ಹೇಳಿದ ಜಾಗದಲ್ಲಿ ಇರಲೇ ಇಲ್ಲ.

ಮಾಡ್ ತೆಗೆದು ಮತ್ತೆ ಹಾಕಿದೆ, ಖ್ಯಾತಿ ಇಳಿಸಿದೆ, ಹೊರಹೋಗಿ ರಾತ್ರಿ ಕಳೆದು ಬಂದೆ. ಯಾವುದೂ ಫಲ ಕೊಡಲಿಲ್ಲ.

ಕಾರಣ ಸೇವ್ ಕಡತದಲ್ಲಿದೆ. ಒಮ್ಮೆ ಕಾಲಿಟ್ಟ ಪ್ರದೇಶದ ಪ್ರತಿ, ಅಲ್ಲಿನ ಜನರ ಸಮೇತ, ಸೇವ್ ಒಳಗೇ ಉಳಿಯುತ್ತದೆ. ಮಾಡ್ ಮೂಲ ಪ್ರದೇಶ ಕಡತಕ್ಕೆ ಸೇರಿಸಿದ ಪಾತ್ರವನ್ನು ಆಟ ಆಮೇಲೆ ನೋಡುವುದೇ ಇಲ್ಲ. ಸ್ಕ್ರಿಪ್ಟ್ (ಆಟ ನಡೆಯುವಾಗ ಓಡುವ ಸೂಚನೆಗಳು) ಮೂಲಕ ಬರುವ ಪಾತ್ರಕ್ಕೆ ಈ ತೊಡಕಿಲ್ಲ. ಅದಕ್ಕೇ ಮಾಡ್‌ನ ಅರ್ಧ ಭಾಗ ಮಾತ್ರ ಕೆಲಸ ಮಾಡಿದಂತೆ ಕಾಣುತ್ತದೆ.

ಆ ಪ್ರದೇಶಕ್ಕೆ ಹೋಗುವ ಮುಂಚಿನ ಸೇವ್ ಇದ್ದರೆ ಅದನ್ನೇ ತೆರೆಯಿರಿ, ಅದೇ ಶುದ್ಧ ದಾರಿ. ಇಲ್ಲದಿದ್ದರೆ ಮೊದಲು ಬೇರೆ ಹೆಸರಲ್ಲಿ ಸೇವ್ ಮಾಡಿ, ಆಟ ಮುಚ್ಚಿ. ಡಾಕ್ಯುಮೆಂಟ್ಸ್‌ನಲ್ಲಿರುವ ಆಟದ ಫೋಲ್ಡರ್‌ನ ಬಾಲ್ಡರ್ ಲುವಾ ಕಡತದಲ್ಲಿ, ಪ್ರೋಗ್ರಾಂ ಆಪ್ಷನ್ಸ್ ಗುಂಪಿನ ಡಿಬಗ್ ಮೋಡ್ ಬೆಲೆಯನ್ನು 1 ಮಾಡಿ. ಸಾಲೇ ಇಲ್ಲದಿದ್ದರೆ ಸೇರಿಸಿ. ಆಟದೊಳಗೆ, ಪಾತ್ರ ಇರಬೇಕಾದ ಜಾಗಕ್ಕೆ ಹೋಗಿ ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿ, ಆಜ್ಞೆ ಬರೆಯುವ ಕನ್ಸೋಲ್ ತೆರೆಯುತ್ತದೆ. ಅಲ್ಲಿ ಹೀಗೆ ಬರೆಯಿರಿ: ಸಿ, ಕೋಲನ್, ನಂತರ ಜಾಗ ಬಿಡದೆ ಕ್ರಿಯೇಟ್‌ಕ್ರೀಚರ್, ಆವರಣದೊಳಗೆ ಜೋಡಿ ಉದ್ಧರಣ ಚಿಹ್ನೆಯಲ್ಲಿ ಪಾತ್ರದ ಕಡತದ ಹೆಸರು. ಆ ಹೆಸರು ಮಾಡ್ ಫೋಲ್ಡರ್‌ನ ಸಿಆರ್‌ಇ ಕಡತಗಳಲ್ಲಿ (ಪಾತ್ರಗಳ ಕಡತಗಳು) ಸಿಗುತ್ತದೆ. 8 ಅಕ್ಷರ ಮೀರುವುದಿಲ್ಲ, ಕೊನೆಯ ವಿಸ್ತರಣೆ (ಡಾಟ್ ಸಿಆರ್‌ಇ) ಬರೆಯಬಾರದು. ಒಂದೇ ಸಲ ಎಂಟರ್ ಒತ್ತಿ, ಎರಡನೇ ಸಲ ಒತ್ತಿದರೆ ಇಬ್ಬರಾಗುತ್ತಾರೆ.