ಕೈ ಹಿಂದಕ್ಕೆ ಹೋಗದವರಿಗೆ ಮುಂದೆ ತೆರೆಯುವ ಬ್ರಾ

ಭುಜ ಹಿಡಿದುಕೊಂಡವರನ್ನು, ಲಕ್ವ ಹೊಡೆದು ಒಂದು ಕೈ ಸ್ವಾಧೀನ ತಪ್ಪಿದವರನ್ನು ಕೇಳಿ ನೋಡಿ. ನೈಟಿ, ಸೀರೆ ಎಲ್ಲ ಹೇಗೋ ಆಗುತ್ತದೆ, ಬ್ರಾ ಹಾಕೋದೇ ಕಷ್ಟ ಅನ್ನುತ್ತಾರೆ. ಹೇಳಿಕೊಳ್ಳಲು ನಾಚಿಕೆ, ಮಗನ ಎದುರು ಹೇಳೋದಂತೂ ದೂರದ ಮಾತು. ಕೊನೆಗೆ ಮದುವೆ ಮುಂಜಿಗೆ ಹೋಗೋದೇ ಬಿಟ್ಟುಬಿಡುತ್ತಾರೆ.

ನಮ್ಮ ರವಿಕೆಗಳಿಗೆ ಹೆಚ್ಚಾಗಿ ಹುಕ್ಕು ಮುಂದೆಯೇ ಅಲ್ವಾ? ಖಣದ ಕುಪ್ಪಸವನ್ನಂತೂ ಮುಂದೆ ಗಂಟು ಹಾಕಿಯೇ ಕಟ್ಟುತ್ತಿದ್ದರು. ಬ್ರಾ ಒಂದಕ್ಕೇ ಬೆನ್ನ ಹಿಂದೆ ಕೈ ತಿರುಚಬೇಕು. ಅದನ್ನೂ ಮುಂದಕ್ಕೆ ತಂದರೆ ಅರ್ಧ ಕಷ್ಟ ಮುಗಿಯಿತು.

ಅಂಗಡಿಯಲ್ಲಿ 'ಫ್ರಂಟ್ ಓಪನ್' ಅಂತ ಕೇಳಿ, ಕೊಡುತ್ತಾರೆ. ಆದರೆ ಹುಕ್ಕು ಎಂಥದ್ದು ಅಂತ ಬಿಚ್ಚಿ ಹಾಕಿ ನೋಡಿ. ಒಂದು ಕೈಯಲ್ಲಿ ಆಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಭುಜ ನೋವಿದ್ದು ಬೆರಳು ಚೆನ್ನಾಗಿರುವವರಿಗೆ ದೊಡ್ಡ ಹುಕ್ಕು ಸಾಕು. ಬೆರಳಲ್ಲಿ ನಡುಕ ಇರುವವರಿಗೆ, ಸಂಧಿವಾತದಿಂದ ಗಿಣ್ಣು ಊದಿದವರಿಗೆ ಒತ್ತಿದರೆ ಅಂಟಿ, ಎಳೆದರೆ ಬಿಡುವ ವೆಲ್ಕ್ರೋನೇ ಮೇಲು. ಜಿಪ್ ನೋಡೋಕೆ ಸುಲಭ, ಆದರೆ ಕೆಳಗಿನ ತುದಿ ಸೇರಿಸಲು ಎರಡು ಕೈಯೂ ಬೇಕು. ಒಂದೇ ಕೈ ಇದ್ದವರಿಗೆ ಅದು ಬೇಡ. ಮ್ಯಾಗ್ನೆಟ್ ಇರುವುದೂ ಬರುತ್ತದೆ, ತಾನಾಗಿ ಅಂಟಿಕೊಳ್ಳುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಅದನ್ನು ತರಲೇಬಾರದು. ಮಗುವಿಗೆ ಹಾಲು ಕೊಡುವವರ ಬ್ರಾ ತಂದು ಮೋಸ ಹೋಗಬೇಡಿ. ಅದರಲ್ಲಿ ಕಪ್ ಮಾತ್ರ ಮುಂದೆ ತೆರೆಯುತ್ತದೆ, ಹುಕ್ಕು ಸಾಮಾನ್ಯವಾಗಿ ಬೆನ್ನಿಗೇ ಇರುತ್ತದೆ.

ಮನೆಯಲ್ಲೇ ಮಾಡಿಸುವುದು ನನಗೆ ಇಷ್ಟ. ಒಗ್ಗಿ ಮೆತ್ತಗಾದ ಹತ್ತಿ ಬ್ರಾ ಒಂದನ್ನು ತಗೊಳ್ಳಿ. ತಂತಿ ಇದ್ದರೆ ಎಳೆದು ತೆಗೆಯಿರಿ. ಬೆನ್ನಿನ ಹುಕ್ಕು ಕಿತ್ತು, ಎರಡು ತುದಿ ಸೇರಿಸಿ ಚಪ್ಪಟೆಯಾಗಿ ಹೊಲಿದುಬಿಡಿ. ಆಮೇಲೆ ಎರಡು ಕಪ್ಪಿನ ನಡುವೆ ನೇರವಾಗಿ ಕತ್ತರಿಸಿ. ಕತ್ತರಿಸಿದ ಅಂಚನ್ನು ಸುಮ್ನೆ ಮಡಚಿ ಹೊಲಿದರೆ ಎದೆ ಬಿಗಿಯಾಗುತ್ತದೆ. ಅದಕ್ಕೆ ಎರಡು ಕಡೆಗೂ ಬೇರೆ ಬಟ್ಟೆಯ ಪಟ್ಟಿ ಕೊಡಬೇಕು. ಒಂದು ಕಡೆ ಒಂದಿಂಚು, ಒಳಗೆ ಹೋಗುವ ಕಡೆ ಎರಡಿಂಚು. ಆ ಅಗಲದ ಪಟ್ಟಿ ಮೈಗೂ ವೆಲ್ಕ್ರೋಗೂ ನಡುವೆ ಬರುತ್ತದೆ. ವೆಲ್ಕ್ರೋದ ಒರಟು ಭಾಗವನ್ನು ಒಳಪಟ್ಟಿಯ ಮೇಲೆ, ಹೊರಕ್ಕೆ ಮುಖ ಮಾಡಿ ಹೊಲಿಯಿರಿ. ಮೆತ್ತನೆಯದು ಮೇಲಿನ ಪಟ್ಟಿಯ ಅಡಿಗೆ. ಆಗ ಸ್ವಲ್ಪ ಆಚೀಚೆ ಅಂಟಿದರೂ ಚರ್ಮ ಕೆರೆಯುವುದಿಲ್ಲ. ಯಾವ ಕಡೆಯ ಪಟ್ಟಿ ಮೇಲೆ ಬರಬೇಕು? ಹೊಲಿಯುವ ಮೊದಲು ಪಿನ್ನು ಚುಚ್ಚಿ ಅವರ ಕೈಯಿಂದಲೇ ಎಳೆಸಿ ನೋಡಿ. ಕೆಲವರಿಗೆ ತಮ್ಮ ಒಳ್ಳೆ ಕೈ ಕಡೆಗೆ ಎಳೆಯುವುದು ಸಲೀಸು, ಕೆಲವರಿಗೆ ಆಚೆ ಕಡೆಗೆ. ಪಟ್ಟಿಯ ತುದಿಗೆ ಹೆಬ್ಬೆರಳು ತೂರುವಷ್ಟು ರಿಬ್ಬನ್ ಕುಣಿಕೆ ಇಟ್ಟರೆ ಹಿಡಿತ ಸಿಗುತ್ತದೆ.

ಮಿಷಿನ್ ಇಲ್ಲದಿದ್ದರೆ ಬೀದಿಯ ಟೈಲರ್ ಅಕ್ಕನಿಗೆ ಕೊಡಿ. ಮೊದಲು ಒಂದೇ ಒಂದು ಮಾಡಿಸಿ, ನಾಲ್ಕು ದಿನ ಹಾಕಿ ನೋಡಿ, ಆಮೇಲೆ ಉಳಿದದ್ದು. ಇಡೀ ದಿನ ಕೂತೇ ಇರುವವರಿಗೆ ಕೂತಾಗಲೇ ಅಳತೆ ತಗೊಳ್ಳಲು ಹೇಳಿ. ನಿಂತಾಗಿನ ಅಳತೆಗೂ ಕೂತಾಗಿನದಕ್ಕೂ ವ್ಯತ್ಯಾಸ ಇರುತ್ತದೆ.

ಹಾಕುವ ಕ್ರಮ ಮನೆಯವರಿಗೆಲ್ಲ ಗೊತ್ತಿರಲಿ. ಗಟ್ಟಿ ಕುರ್ಚಿಯಲ್ಲಿ, ಪಾದ ನೆಲಕ್ಕೆ ತಾಗುವಂತೆ ಕೂರಿಸಿ. ಸ್ವಾಧೀನ ಇಲ್ಲದ ಕೈಯನ್ನು ತೊಡೆಯ ಮೇಲಿಟ್ಟು, ಆ ಕೈಗೇ ಮೊದಲು ತೋಳಿನ ಪಟ್ಟಿ ಏರಿಸಿ. ಭುಜದವರೆಗೆ ಬಂದ ಮೇಲೆ ಬೆನ್ನ ಹಿಂದಿನಿಂದ ತಂದು ಒಳ್ಳೆ ಕೈ ಹಾಕಿಸಿ. ಬಿಚ್ಚುವಾಗ ತಿರುಗಾಮುರುಗಾ, ಒಳ್ಳೆ ಕೈ ಮೊದಲು. ನಮ್ಮ ಅತ್ತೆಯವರಿಗೆ ಲಕ್ವ ಹೊಡೆದಾಗ ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿ ಒತ್ತಿ ಒತ್ತಿ ಹೇಳಿದ್ದು ಒಂದೇ: ಆ ಕೈಯನ್ನು ಎಳೆಯಬೇಡಿ. ಸ್ನಾಯು ಸಡಿಲವಾಗಿರುತ್ತದೆ, ಎಳೆದರೆ ಭುಜದ ಕೀಲು ಜಾರಬಹುದು.

ಬೆನ್ನಿಗೆ ಹುಕ್ಕಿರುವ ಹಳೆಯದನ್ನೇ ಹಾಕಬೇಕಾಗಿ ಬಂತು ಅನ್ನಿ. ಹುಕ್ಕಿನ ಒಂದು ತುದಿಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಲಂಗದ ಸೊಂಟಕ್ಕೆ ಸಿಕ್ಕಿಸಿ. ಇನ್ನೊಂದು ತುದಿಯನ್ನು ಒಳ್ಳೆ ಕೈಯಿಂದ ಸುತ್ತಿ ತಂದು ಮುಂದೆ ಹುಕ್ಕು ಹಾಕಿ, ಕ್ಲಿಪ್ ತೆಗೆದು ತಿರುಗಿಸಿ. ಆಮೇಲೆ ತೋಳಿನ ಪಟ್ಟಿ. ಎಲಾಸ್ಟಿಕ್ ಮೆತ್ತಗಿದ್ದರೆ ಕಾಲಿನಿಂದಲೂ ಮೇಲಕ್ಕೆ ಏರಿಸಬಹುದು, ತಲೆ ಮೇಲಿನಿಂದಲೇ ಬರಬೇಕು ಅಂತೇನೂ ಇಲ್ಲ.

ಗಾಲಿಕುರ್ಚಿಯಲ್ಲಿ ಕೂರುವವರ, ಹಾಸಿಗೆ ಹಿಡಿದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೆನ್ನಲ್ಲಿ ಹುಕ್ಕು, ದಪ್ಪ ಹೊಲಿಗೆ, ಪ್ಲಾಸ್ಟಿಕ್ ರಿಂಗು ಯಾವುದೂ ಇರಬಾರದು. ಸ್ಪರ್ಶವೇ ತಿಳಿಯದವರಿಗೆ ಒತ್ತುವುದು ಗೊತ್ತಾಗುವುದಿಲ್ಲ, ನಾವೇ ನೋಡಬೇಕು. ಬಿಚ್ಚಿ ಅರ್ಧ ಗಂಟೆಯಾದರೂ ಕೆಂಪು ಗುರುತು ಮಾಸದಿದ್ದರೆ ಆ ಬ್ರಾ ಬೇಡ, ನರ್ಸಿಗೋ ಡಾಕ್ಟರಿಗೋ ತೋರಿಸಿ. ಸೆಕೆ ಜಾಸ್ತಿ ಇರುವ ಕರಾವಳಿಯಲ್ಲಿ ಎದೆಯ ಕೆಳಗಿನ ಮಡಿಕೆ ಬೆವರಿ ಕೆಂಪಾಗುತ್ತದೆ. ಒರೆಸಿ, ಪೂರ್ತಿ ಆರಿಸಿ, ಹಳೆ ಪಂಚೆಯ ತುಂಡು ಮಡಚಿ ಇಡಿ. ಪೌಡರ್ ಸುರಿಯಬೇಡಿ, ಬೆವರಿಗೆ ಗಂಟು ಕಟ್ಟಿಕೊಂಡು ಇನ್ನಷ್ಟು ಉರಿಯುತ್ತದೆ.

ಇಷ್ಟೆಲ್ಲ ಬೇಡವೇ ಬೇಡ ಅನ್ನುವವರೂ ಇದ್ದಾರೆ. ಅವರಿಗೆ ಕಪ್ ಇಟ್ಟ ರವಿಕೆ ಹೊಲಿಸಿ, ಅದರ ಒಳಗೆ ಬೇರೆ ಬ್ರಾ ಬೇಕಿಲ್ಲ. ಮನೆಯಲ್ಲಿದ್ದಾಗ ಏನೂ ಹಾಕುವುದಿಲ್ಲ ಅಂದರೆ ಅದೂ ಸರಿಯೇ. ಮೈ ಅವರದು, ಕೇಳಿ ಮಾಡಿ. ಸ್ತನದ ಆಪರೇಷನ್ ಆದವರು ಮಾತ್ರ ಯಾವಾಗ, ಎಂಥದ್ದು ಹಾಕಬಹುದು ಅಂತ ಡಾಕ್ಟರನ್ನೇ ಕೇಳಲಿ. ಅವರಿಗೆ ಕಪ್ಪಿನ ಒಳಗೆ ಹತ್ತಿಯ ಜೇಬು ಹೊಲಿದು ಕೊಟ್ಟರೆ ಸ್ತನದ ಜಾಗಕ್ಕೆ ಇಡುವ ಪ್ಯಾಡ್ ಜಾರುವುದಿಲ್ಲ.

ಒಗೆಯುವ ಮೊದಲು ವೆಲ್ಕ್ರೋ ಅಂಟಿಸಿಯೇ ನೆನೆಹಾಕಿ, ಇಲ್ಲದಿದ್ದರೆ ಸೀರೆಯ ನೂಲೆಲ್ಲ ಕೀಳುತ್ತದೆ. ನಡುವೆ ಕಸ ತುಂಬಿದ್ದರೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಹಿಡಿತವೇ ಹೋಯಿತು ಅಂದರೆ ವೆಲ್ಕ್ರೋ ಪಟ್ಟಿ ಮಾತ್ರ ಬಿಚ್ಚಿ ಹೊಸದು ಹೊಲಿದರಾಯಿತು, ಬ್ರಾ ಬಿಸಾಡಬೇಕಿಲ್ಲ.